ಮಾಯ್ದ ಲ್ಯಾಪರೋಸ್ಕೋಪಿ ಗಾಯ ತಿಂಗಳಾದ ಮೇಲೆ ಕೀವು ಸೋರಿದರೆ

ಪಿತ್ತಕೋಶದ ಕಲ್ಲು, ಅಪೆಂಡಿಕ್ಸ್, ಹರ್ನಿಯಾ ಅಂತ ಲ್ಯಾಪರೋಸ್ಕೋಪಿ (ಹೊಟ್ಟೆಗೆ ಸಣ್ಣ ತೂತು ಹಾಕಿ ಮಾಡುವ ಆಪರೇಷನ್) ಮಾಡಿಸಿಕೊಂಡವರಲ್ಲಿ ಕೆಲವರಿಗೆ ಬರುವ ತೊಂದರೆ ಇದು. ಹೊಲಿಗೆ ಬಿಚ್ಚಿ, ಗಾಯ ಮಾಯ್ದು, ಕೆಲಸಕ್ಕೂ ಹೋಗುತ್ತಿರುತ್ತಾರೆ. ಆಪರೇಷನ್ ಆದ 3ರಿಂದ 8 ವಾರದೊಳಗೆ ಹೊಕ್ಕುಳ ಬಳಿಯ ತೂತಿನಲ್ಲೋ ಎದೆಗೂಡಿನ ಕೆಳಗಿನ ತೂತಿನಲ್ಲೋ ಗಟ್ಟಿ ಗಂಟು ಕೈಗೆ ಸಿಗುತ್ತದೆ. ಒತ್ತಿದರೆ ನೋವು, ಜ್ವರ ಸಾಮಾನ್ಯವಾಗಿ ಇರುವುದಿಲ್ಲ. ಆಮೇಲೆ ಅದು ಒಡೆದು ತೆಳ್ಳನೆ ಕೀವು ಜಿನುಗುತ್ತದೆ, ಸುತ್ತಲ ಚರ್ಮ ಕಪ್ಪಾಗುತ್ತದೆ.

ಮುಂದಿನದು ಬಹುತೇಕ ಎಲ್ಲರದೂ ಒಂದೇ ಪಾಡು. ಐದು ದಿನ ಒಂದು ಆಂಟಿಬಯೋಟಿಕ್, ಆಮೇಲೆ ಇನ್ನೊಂದು, ದಿನಾ ಡ್ರೆಸಿಂಗ್. ಒಣಗಿದ ಹಾಗೆ ಕಂಡು ಮತ್ತೆ ಸೋರುತ್ತದೆ. ಕೀವನ್ನು ರೋಗಾಣು ಬೆಳೆಸಿ ನೋಡುವ ಕಲ್ಚರ್‌ಗೆ ಕಳಿಸಿದರೆ 'ನೋ ಗ್ರೋತ್' ಅಂತ ರಿಪೋರ್ಟ್. ಅಷ್ಟರಲ್ಲಿ ತಿಂಗಳುಗಳೇ ಹೋಗಿರುತ್ತವೆ.

ಮಾಮೂಲಿ ಕೀವು ಹೆಚ್ಚಾಗಿ ಮೊದಲ ವಾರ, ಹತ್ತು ದಿನದಲ್ಲೇ ಕಾಣಿಸುತ್ತದೆ. ಚೆನ್ನಾಗಿ ಮಾಯ್ದ ಗಾಯ ತಡವಾಗಿ ಒಡೆದರೆ ಮೊದಲು ಅನುಮಾನಪಡಬೇಕಾದದ್ದು ಕ್ಷಯದ ರೋಗಾಣುವಿನ ದಾಯಾದಿಗಳನ್ನು: ಮೈಕೋಬ್ಯಾಕ್ಟೀರಿಯಂ ಅಬ್ಸೆಸಸ್, ಚೆಲೋನೆ, ಫಾರ್ಚುಯಿಟಮ್. ನಲ್ಲಿ ನೀರಿನಲ್ಲೂ ಮಣ್ಣಿನಲ್ಲೂ ಇವು ಇರುತ್ತವೆ. ಮೇಣದಂಥ ಹೊದಿಕೆಯಿಂದಾಗಿ ಮಾಮೂಲಿ ಆಂಟಿಬಯೋಟಿಕ್‌ಗೆ ಜಗ್ಗುವುದಿಲ್ಲ. ಸಾಧಾರಣ ಕಲ್ಚರನ್ನು ಲ್ಯಾಬ್‌ನವರು 48 ಗಂಟೆಗೆ ನೋಡಿ ಮುಗಿಸುತ್ತಾರೆ. ಇವು ಬೆಳೆಯಲು ವಾರದವರೆಗೆ ಬೇಕಾಗಬಹುದು.

ಗಾಯದೊಳಕ್ಕೆ ಹೋಗುವುದು ಹೇಗೆ? ಲ್ಯಾಪರೋಸ್ಕೋಪಿಯ ಉಪಕರಣಗಳು ಉದ್ದ ಕೊಳವೆಗಳು. ಕೀಲು, ಸಂದು, ಮೇಲೊಂದು ಇನ್ಸುಲೇಷನ್ ಪದರ. ಬಿಡಿಭಾಗ ಬಿಚ್ಚಿ ಬ್ರಷ್ ಹಾಕಿ ತೊಳೆಯದಿದ್ದರೆ ರಕ್ತ, ಮಾಂಸದ ಚೂರು ಅಲ್ಲೇ ಉಳಿಯುತ್ತವೆ. ಒಂದು ಕೇಸ್‌ಗೂ ಇನ್ನೊಂದಕ್ಕೂ ನಡುವೆ ರೋಗಾಣುನಾಶಕ ದ್ರಾವಣವಾದ 2% ಗ್ಲುಟರಾಲ್ಡಿಹೈಡ್‌ನಲ್ಲಿ 20 ನಿಮಿಷ ಅದ್ದಿ ತೆಗೆಯುವ ರೂಢಿ ಇದೆ. ಅದು ಸ್ಟೆರಿಲೈಸೇಷನ್, ಅಂದರೆ ರೋಗಾಣುಗಳನ್ನು ಪೂರ್ತಿ ಕೊಲ್ಲುವುದು, ಅಲ್ಲ. ಆ ದ್ರಾವಣದಲ್ಲಿ ಅದಾಗಬೇಕಾದರೆ 10 ಗಂಟೆ ಬೇಕು. ಇದಕ್ಕಿಂತ ದೊಡ್ಡ ಎಡವಟ್ಟು ಆಮೇಲಿನದು: ದ್ರಾವಣ ತೊಳೆಯಲು ನಲ್ಲಿ ನೀರು ಬಳಸುವುದು. ರೋಗಾಣುವನ್ನು ಕೈಯಾರೆ ಕರೆದು ಕೂರಿಸಿದಂತೆ.

ಆಪರೇಷನ್‌ಗೆ ಮೊದಲೇ ಕೇಳಿ: 'ಡಾಕ್ಟ್ರೇ, ಸ್ಕೋಪ್ ಮತ್ತು ಇನ್‌ಸ್ಟ್ರುಮೆಂಟ್ ಹೇಗೆ ಸ್ಟೆರಿಲೈಸ್ ಮಾಡ್ತೀರಿ?' ಆಟೋಕ್ಲೇವ್ (ಒತ್ತಡದ ಬಿಸಿ ಹಬೆ), ಇಟಿಒ (ಎಥಿಲೀನ್ ಆಕ್ಸೈಡ್ ಅನಿಲ) ಅಥವಾ ಪ್ಲಾಸ್ಮಾ (ಹೈಡ್ರೋಜನ್ ಪೆರಾಕ್ಸೈಡ್ ಆವಿಯ ಯಂತ್ರ) ಅಂದರೆ ಸರಿ. 'ಸೊಲ್ಯೂಷನ್‌ನಲ್ಲಿ ಹಾಕ್ತೀವಿ' ಅಂದರೆ ಎಷ್ಟು ಹೊತ್ತು, ಯಾವ ನೀರಲ್ಲಿ ತೊಳೀತೀರಿ ಅಂತಲೂ ಕೇಳಿ. ಕೇಳಿದ್ದಕ್ಕೆ ಮುನಿಸಿಕೊಂಡರೆ ಅದೂ ಒಂದು ಉತ್ತರವೇ.

ಗಂಟು ಬಂದೇಬಿಟ್ಟರೆ ಹೊಸ ಆಂಟಿಬಯೋಟಿಕ್ ಶುರುವಾಗುವ ಮುಂಚೆ ಸ್ಯಾಂಪಲ್ ಹೋಗಲಿ. ಹತ್ತಿಕಡ್ಡಿಯಲ್ಲಿ ಒರೆಸಿದ್ದು ಸಾಲದು. ಸಿರಿಂಜ್‌ನಲ್ಲಿ ಎಳೆದ ಕೀವು, ಇನ್ನೂ ಒಳ್ಳೆಯದೆಂದರೆ ಒಂದು ಚೂರು ಮಾಂಸ. ಅದನ್ನು ಎರಡು ಭಾಗ ಮಾಡಬೇಕು: ಬಯಾಪ್ಸಿಯದು ಫಾರ್ಮಲಿನ್‌ಗೆ, ಕಲ್ಚರ್‌ದು ಬರೀ ಸ್ಟೆರೈಲ್ ಸಲೈನ್‌ಗೆ. ಎಲ್ಲವನ್ನೂ ಫಾರ್ಮಲಿನ್‌ಗೆ ಹಾಕಿದರೆ ರೋಗಾಣು ಸತ್ತು ಕಲ್ಚರ್ ಆಗುವುದೇ ಇಲ್ಲ. ಚೀಟಿಯಲ್ಲಿ 'ಎಎಫ್‌ಬಿ ಸ್ಟೇನ್, ಮೈಕೋಬ್ಯಾಕ್ಟೀರಿಯಾ ಕಲ್ಚರ್, ಸೆನ್ಸಿಟಿವಿಟಿ' ಅಂತ ಬರೆಸಿ. ಎಎಫ್‌ಬಿ ಸ್ಟೇನ್ ಅಂದರೆ ಕ್ಷಯದ ಬಳಗದ ರೋಗಾಣುಗಳಿಗೆ ಬಣ್ಣ ಹಿಡಿಸಿ ಸೂಕ್ಷ್ಮದರ್ಶಕದಲ್ಲಿ ನೋಡುವುದು, ಸೆನ್ಸಿಟಿವಿಟಿ ಅಂದರೆ ರೋಗಾಣು ಯಾವ ಔಷಧಿಗೆ ಬಗ್ಗುತ್ತದೆ ಅನ್ನುವ ಪರೀಕ್ಷೆ.

ಎಎಫ್‌ಬಿ ಪಾಸಿಟಿವ್ ಬಂದ ತಕ್ಷಣ ಟಿಬಿ ಮಾತ್ರೆ ಶುರುಮಾಡುವುದು ಎರಡನೇ ಬಲೆ. ಜೀನ್‌ಎಕ್ಸ್‌ಪರ್ಟ್ ಅನ್ನುವ ಜೀನ್ ಪರೀಕ್ಷೆ ಹುಡುಕುವುದು ಕ್ಷಯದ ರೋಗಾಣುವನ್ನು ಮಾತ್ರ. ಎಎಫ್‌ಬಿ ಪಾಸಿಟಿವ್, ಅದೇ ಸ್ಯಾಂಪಲ್‌ನ ಜೀನ್‌ಎಕ್ಸ್‌ಪರ್ಟ್ ನೆಗೆಟಿವ್ ಇದ್ದರೆ ಈ ದಾಯಾದಿಗಳ ಮೇಲೆ ಅನುಮಾನ ಬಲವಾಗುತ್ತದೆ. ಐಸೋನಿಯಜಿಡ್, ಪೈರಜಿನಮೈಡ್ ಇವುಗಳ ಮೇಲೆ ಕೆಲಸ ಮಾಡುವುದಿಲ್ಲ.

ಚಿಕಿತ್ಸೆಯಲ್ಲಿ ಕ್ಲಾರಿಥ್ರೋಮೈಸಿನ್ ಮುಖ್ಯ, ಆದರೆ ಒಂಟಿಯಾಗಿ ಕೊಟ್ಟರೆ ರೋಗಾಣು ಅದಕ್ಕೂ ಒಗ್ಗಿಕೊಳ್ಳುತ್ತದೆ. ಜತೆಗೆ ಅಮಿಕಾಸಿನ್, ಸಿಪ್ರೊಫ್ಲಾಕ್ಸಾಸಿನ್, ಲಿನೆಜೋಲಿಡ್ ಮೊದಲಾದವುಗಳಲ್ಲಿ ಯಾವುದು ಅನ್ನುವುದು ಸೆನ್ಸಿಟಿವಿಟಿ ನೋಡಿ ತೀರ್ಮಾನ. ಅಬ್ಸೆಸಸ್ ಆಗಿದ್ದರೆ ಕ್ಲಾರಿಥ್ರೋಮೈಸಿನ್ ಫಲಿತಾಂಶವನ್ನು 14ನೇ ದಿನದವರೆಗೂ ನೋಡಬೇಕು. ಮೊದಲು ಬಗ್ಗಿದಂತೆ ಕಂಡು ಆಮೇಲೆ ತಿರುಗಿಬೀಳುವ ತಳಿಗಳಿವೆ. ಕೀವಿನ ದಾರಿ ಆಳವಾಗಿದ್ದರೆ ಅದನ್ನು ಕೊಯ್ದು ತೆಗೆಯಬೇಕಾಗುತ್ತದೆ.

ಸಾಮಾನ್ಯವಾಗಿ 4ರಿಂದ 6 ತಿಂಗಳ ಔಷಧಿ. ಗಾಯ ಒಣಗಿತೆಂದು ನಡುವೆ ಬಿಟ್ಟವರಿಗೆ ಮತ್ತೆ ಒಡೆಯುತ್ತದೆ. ಅಮಿಕಾಸಿನ್ ಇದ್ದರೆ ಕಿವಿ ಮತ್ತು ಕ್ರಿಯಾಟಿನಿನ್ (ಮೂತ್ರಪಿಂಡದ ಪರೀಕ್ಷೆ), ಲಿನೆಜೋಲಿಡ್ ಇದ್ದರೆ ಪ್ಲೇಟ್‌ಲೆಟ್ ಆಗಾಗ ಪರೀಕ್ಷೆ ಆಗಬೇಕು. ಕೊಲೆಸ್ಟ್ರಾಲ್‌ಗೆ ಸ್ಟ್ಯಾಟಿನ್ ನುಂಗುತ್ತಿದ್ದರೆ ಕ್ಲಾರಿಥ್ರೋಮೈಸಿನ್‌ಗೆ ಮುಂಚೆಯೇ ಹೇಳಿಬಿಡಿ.

ರಿಪೋರ್ಟ್ ಖಚಿತವಾದ ಮೇಲೆ ಅದರ ಪ್ರತಿಯನ್ನು ಆಪರೇಷನ್ ಮಾಡಿದ ಆಸ್ಪತ್ರೆಯ ಸೋಂಕು ನಿಯಂತ್ರಣ ಸಮಿತಿಗೆ ಲಿಖಿತವಾಗಿ ಕೊಟ್ಟು ಸ್ವೀಕೃತಿ ಪಡೆಯಿರಿ. ಅದೇ ಸೆಟ್‌ನಲ್ಲಿ ಆಪರೇಷನ್ ಆದ ಉಳಿದವರನ್ನು ಹುಡುಕಿ ಕರೆಸುವುದು ಅವರ ಕೈಲಿ ಮಾತ್ರ ಆಗುವ ಕೆಲಸ.