ಕಣಜದ ಗೂಡಿಗೆ ರಾತ್ರಿ ಬೆಂಕಿಯ ಸೂಡಿ ಹಿಡಿಯಲು ಹೋಗಬೇಡಿ: ನಮ್ಮ ಮನೆಯಲ್ಲಿ ಆದದ್ದು

ಮನೆಯ ಸೂರಿನಲ್ಲೋ ಕೊಟ್ಟಿಗೆಯಲ್ಲೋ ಅಂಗಳದ ಮರದಲ್ಲೋ ಕಣಜ ಗೂಡು ಕಟ್ಟಿದ್ದರೆ ದಯವಿಟ್ಟು ಇದನ್ನು ಪೂರ್ತಿ ಓದಿ. ಮುಖ್ಯವಾಗಿ ನಾಲ್ಕು ಕಣಜ ಒಟ್ಟಿಗೆ ಕಚ್ಚಿದರೂ "ಒಂದು ಇಂಜೆಕ್ಷನ್ ಹಾಕಿಸಿದರೆ ಆಯ್ತು" ಅನ್ನುವವರು ಓದಿ. ನಾವೂ ಹಾಗೇ ಅಂದುಕೊಂಡಿದ್ದೆವು.

ನಮ್ಮದು ಮಲೆನಾಡು, ಅಡಿಕೆ ತೋಟದ ಮನೆ. ಕೊಟ್ಟಿಗೆಯ ಮಾಡಿನ ಒಳಮೂಲೆಯಲ್ಲಿ ಗೂಡು ಶುರುವಾದದ್ದನ್ನು ಅಮ್ಮ ಮಳೆಗಾಲದಲ್ಲೇ ನೋಡಿದ್ದರು. ಆಗ ಅದು ನಿಂಬೆಹಣ್ಣಿನಷ್ಟಿತ್ತು, ಕೆಳಕ್ಕೆ ಸಣ್ಣ ಕೊಳವೆಯಂಥ ಬಾಯಿ. ಒಂದೇ ಒಂದು ಹುಳ ಹೋಗಿ ಬಂದು ಮಾಡುತ್ತಿತ್ತಂತೆ. ಅದು ರಾಣಿ. ಆ ಹಂತದಲ್ಲಿ ಗೂಡಿನಲ್ಲಿ ಬೇರೆ ಯಾರೂ ಇರುವುದಿಲ್ಲ. ಅದು ಆಹಾರಕ್ಕೆ ಹೊರಗೆ ಹೋದಾಗ ಕೋಲಿನಿಂದ ಕೆಡವಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಅಡಿಕೆಯ ಕೊಳೆರೋಗಕ್ಕೆ ಔಷಧಿ ಹೊಡೆಸುವ ಗಡಿಬಿಡಿಯಲ್ಲಿ ಯಾರೂ ಆ ಕಡೆ ಮತ್ತೆ ನೋಡಲಿಲ್ಲ.

ಸೆಪ್ಟೆಂಬರ್ ಹೊತ್ತಿಗೆ ಅದು ದೊಡ್ಡ ತೆಂಗಿನಕಾಯಿಯನ್ನೂ ಮೀರಿತ್ತು. ನೋಡಲು ಚಂದವೇ. ಬೂದು, ಕಂದು, ಬಿಳಿಚು ಬಣ್ಣದ ಪಟ್ಟೆಗಳು ಚಿಪ್ಪಿನ ಹಾಗೆ ಒಂದರ ಮೇಲೊಂದು. ಒಂದೊಂದು ಪಟ್ಟೆಯೂ ಒಂದೊಂದು ಮರದ್ದು. ಹಳೆಯ ಬೇಲಿಗೂಟದ ಮೇಲೆ ಕೂತು ಅವು ನಾರು ಕೆರೆಯುವ ಸದ್ದು ಹತ್ತಿರ ನಿಂತರೆ ಕೇಳುತ್ತಿತ್ತು. ಅದನ್ನೇ ಎಂಜಲಲ್ಲಿ ಅಗಿದು ಕಾಗದ ಮಾಡಿ ಮೆತ್ತುತ್ತವೆ. ಹುಳಗಳು ಸುಮಾರು ಒಂದು ಇಂಚು ಉದ್ದ, ಹೊಟ್ಟೆಯ ಮುಂಭಾಗ ಕಿತ್ತಳೆ-ಹಳದಿ, ಹಿಂಭಾಗ ಕಪ್ಪು. ಕೆಲವು ಕಡೆ ಕಡಜ ಅನ್ನುವುದೂ ಇದನ್ನೇ. ಅಷ್ಟು ದಿನ ಕೆಳಗೇ ಓಡಾಡಿ ಹಾಲು ಕರೆದಿದ್ದೇವೆ, ಒಬ್ಬರಿಗೂ ಕಚ್ಚಿರಲಿಲ್ಲ. ಇದನ್ನು ನೆನಪಿಟ್ಟುಕೊಳ್ಳಿ.

ದೀಪಾವಳಿಗೆ ಒಂದು ವಾರ ಇತ್ತು. ಗೋಪೂಜೆಗೆ ಕೊಟ್ಟಿಗೆ ತೊಳೆದು ಸುಣ್ಣ ಬಳಿಯಬೇಕು, ಅಕ್ಕನ ಮಕ್ಕಳು ಬರುತ್ತಾರೆ, ಅಷ್ಟರೊಳಗೆ ಗೂಡು ತೆಗೆಯಲೇಬೇಕು ಅಂತ ಅಪ್ಪನಿಗೆ. ಊರಿನಲ್ಲಿ ಎಲ್ಲರೂ ಹೇಳುವುದು ಒಂದೇ ಉಪಾಯ: ರಾತ್ರಿ ಎಲ್ಲ ಹುಳ ಒಳಗಿರುತ್ತವೆ, ಕಣ್ಣು ಕಾಣುವುದಿಲ್ಲ, ದೋಟಿಗೆ, ಅಂದರೆ ಉದ್ದದ ಗಳಕ್ಕೆ, ಬಟ್ಟೆ ಸುತ್ತಿ ಸೀಮೆಎಣ್ಣೆಯಲ್ಲಿ ಅದ್ದಿ ಹಚ್ಚಿ ಗೂಡಿನ ಬಾಯಿಗೆ ಹಿಡಿ. ಅಪ್ಪ, ಪಕ್ಕದ ಮನೆಯ ಹುಡುಗ, ನಾನು ಹೀಗೆ ಮೂವರು ಹೊರಟೆವು. ರಾತ್ರಿ ಒಂಬತ್ತೂವರೆ ಇರಬಹುದು. ಅಪ್ಪನ ಹಣೆಗೆ ಹೆಡ್‌ಲೈಟ್ ಕಟ್ಟಿತ್ತು.

ಆ ಬೆಳಕೇ ನಮಗೆ ಮುಳುವಾಯಿತು. ಬೆಂಕಿ ತಾಗಿದ ಕೂಡಲೇ ಗೂಡಿನ ಒಂದು ಮಗ್ಗುಲು ಸುಟ್ಟು ಬಾಯ್ಬಿಟ್ಟಿತು. ಸತ್ತದ್ದು ಎಷ್ಟೋ ಗೊತ್ತಿಲ್ಲ, ಉಳಿದವೆಲ್ಲ ಬೆಳಕಿನ ಜಾಡು ಹಿಡಿದು ನೇರ ಅಪ್ಪನ ಮುಖಕ್ಕೆ ಬಂದವು. ಕತ್ತಲಲ್ಲಿ ಅವು ಹಾರುವುದಿಲ್ಲ ಅನ್ನುವುದು ಸುಳ್ಳು. ಕೆಣಕಿದರೆ ಹಾರುತ್ತವೆ, ದೀಪ ಎಲ್ಲಿದೆಯೋ ಅಲ್ಲಿಗೇ ಹಾರುತ್ತವೆ. ಅಪ್ಪ ಕೈ ಬೀಸಿ ಹೊಡೆಯತೊಡಗಿದರು. ಅದೂ ತಪ್ಪು. ವಿಷದ ವಾಸನೆಯೇ ಉಳಿದ ಹುಳಗಳಿಗೆ "ಇಲ್ಲಿಗೆ ಬನ್ನಿ" ಅಂತ ಕೂಗಿದ ಹಾಗೆ, ಒಂದನ್ನು ಜಜ್ಜಿದರೆ ಹತ್ತು ಬರುತ್ತವೆ. ಜೇನಿನ ಮುಳ್ಳಿಗೆ ಕೊಕ್ಕೆ ಇರುತ್ತದೆ, ಚರ್ಮದಲ್ಲೇ ಸಿಕ್ಕಿಕೊಂಡು ಜೇನು ಸಾಯುತ್ತದೆ. ಕಣಜದ ಮುಳ್ಳು ನುಣುಪು. ಒಂದೇ ಹುಳ ಮತ್ತೆ ಮತ್ತೆ ಚುಚ್ಚುತ್ತದೆ.

ದೋಟಿ ಕೈಜಾರಿ ಹುಲ್ಲಿನ ಪಕ್ಕಕ್ಕೆ ಬಿತ್ತು. ಸಂಜೆ ಮಳೆ ಬಂದು ಹುಲ್ಲು ಹಸಿಯಾಗಿತ್ತು, ಹುಡುಗ ತುಳಿದು ಆರಿಸಿದ. ಒಣಗಿದ್ದರೆ ಕೊಟ್ಟಿಗೆಯೇ ಇರುತ್ತಿರಲಿಲ್ಲ.

ದನಗಳನ್ನು ಬಿಚ್ಚಿ ಹೊರಗೆ ಕಟ್ಟಬೇಕು ಅನ್ನುವುದು ಮೂವರಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ. ಹಗ್ಗ ಹರಿಯಲು ಅವು ಎಳೆದ ಎಳೆತ, ಆ ಕೂಗು ಇನ್ನೂ ಕಿವಿಯಲ್ಲಿದೆ. ನಾನು ಕಂಬಳಿ ಹೊದ್ದು ಎರಡನ್ನು ಬಿಚ್ಚಿದೆ, ಕರು ಒಳಮೂಲೆಯಲ್ಲಿತ್ತು, ತಡವಾಯಿತು. ಬೆಳಗಿನ ಜಾವ ಅದು ಸತ್ತಿತು. ಎರಡು ತಿಂಗಳಿನ ಹೆಣ್ಣುಕರು.

ಅಪ್ಪನಿಗೆ ಅರವತ್ಮೂರು. ತಲೆ, ಕುತ್ತಿಗೆ, ಬೆನ್ನು, ಕೈ ಎಲ್ಲ ಸೇರಿ ನಲವತ್ತಕ್ಕೂ ಹೆಚ್ಚು ಕಡೆ ಕಚ್ಚಿತ್ತು. ಆದರೆ ಉಸಿರಾಟ ಸರಿ ಇತ್ತು, ಮಾತು ಸರಿ ಇತ್ತು. ಹತ್ತಿರದ ಒಂದು ದವಾಖಾನೆಯಲ್ಲಿ ಎರಡು ಇಂಜೆಕ್ಷನ್ ಕೊಟ್ಟು, ನೋವಿನ ಮಾತ್ರೆ ಬರೆದು, "ಅಲರ್ಜಿ ಆಗಿಲ್ಲ, ಭಯ ಇಲ್ಲ" ಅಂತ ಮನೆಗೆ ಕಳಿಸಿದರು. ನಾವು ನಿರಾಳವಾದೆವು. ಮರುದಿನ ಬಾವು ಇಳಿಯಿತು, ಅಪ್ಪ ಗಂಜಿ ಉಂಡರು, ಜಗಲಿಯಲ್ಲಿ ಕೂತು ಬಂದವರ ಹತ್ತಿರ ಮಾತಾಡಿದರು.

ಅವತ್ತು ಸಂಜೆಯಿಂದ ಮೂತ್ರ ಕಪ್ಪು ಕಾಫಿಯ ಬಣ್ಣದಲ್ಲಿ ಹೋಗುತ್ತಿತ್ತು. ಅಪ್ಪ ಹೇಳಲಿಲ್ಲ. ಮಾರನೆಯ ದಿನ ಅಮ್ಮನಿಗೆ ಹೇಳಿದಾಗ, ಉಷ್ಣ ಆಗಿರಬೇಕು ಅಂತ ಜೀರಿಗೆ ನೀರು, ಮಜ್ಜಿಗೆ. ಮೂರನೆಯ ದಿನ ಮೂತ್ರ ಹೆಚ್ಚುಕಡಿಮೆ ನಿಂತೇ ಹೋಯಿತು, ಮುಖ ಊದಿತು, ವಾಂತಿ. ಶಿವಮೊಗ್ಗಕ್ಕೆ ಕರೆದುಕೊಂಡು ಹೋದರೆ ರಕ್ತದಲ್ಲಿ ಕ್ರಿಯಾಟಿನಿನ್ (ಕಿಡ್ನಿ ಸೋಸಿ ಹೊರಹಾಕಬೇಕಾದ ಕಸ) ಏಳರ ಹತ್ತಿರ ಇತ್ತು. ಆರೋಗ್ಯವಂತರಿಗೆ ಅದು ಒಂದರ ಆಸುಪಾಸು ಇರಬೇಕು. ಅವತ್ತೇ ಡಯಾಲಿಸಿಸ್ ಶುರು ಮಾಡಿದರು.

ಅಲ್ಲಿನ ವೈದ್ಯರು ಬಿಡಿಸಿ ಹೇಳಿದ್ದನ್ನು ಹಾಗೇ ಬರೆಯುತ್ತೇನೆ. ಕಣಜದಿಂದ ಸಾವು ಎರಡು ದಾರಿಯಲ್ಲಿ ಬರುತ್ತದೆ. ಒಂದು ಅಲರ್ಜಿ. ಅದಕ್ಕೆ ಒಂದೇ ಹುಳ ಸಾಕು, ನಿಮಿಷಗಳಲ್ಲಿ ಮೈತುಂಬ ದದ್ದು, ತುಟಿ ನಾಲಿಗೆ ಬಾವು, ದನಿ ಒಡೆಯುವುದು, ಉಸಿರು ಕಟ್ಟುವುದು, ತಲೆ ತಿರುಗಿ ಬೀಳುವುದು. ಆಗ ಜೀವ ಉಳಿಸುವ ಔಷಧಿ ತೊಡೆಯ ಹೊರಭಾಗದ ಸ್ನಾಯುವಿಗೆ ಕೊಡುವ ಅಡ್ರಿನಾಲಿನ್. ಸುಣ್ಣ, ಅರಿಶಿನ, ಸೊಪ್ಪಿನ ರಸ ಅಂತ ನಿಲ್ಲದೆ ತಕ್ಷಣ 108ಕ್ಕೆ ಫೋನ್ ಮಾಡಬೇಕು. ಇನ್ನೊಂದು ದಾರಿ ವಿಷದ ಪ್ರಮಾಣ. ಹುಳ ತುಂಬಾ ಕಚ್ಚಿದಾಗ ವಿಷ ಸ್ನಾಯುಗಳನ್ನೂ ಕೆಂಪು ರಕ್ತಕಣಗಳನ್ನೂ ಒಡೆಯುತ್ತದೆ, ಒಡೆದ ಕಸವೆಲ್ಲ ಕಿಡ್ನಿಯಲ್ಲಿ ಕಟ್ಟಿಕೊಳ್ಳುತ್ತದೆ. ಇದು ಒಂದೆರಡು ದಿನ ಕಳೆದು, ನೋವು ಇಳಿದ ಮೇಲೂ ಕಾಣಿಸಿಕೊಳ್ಳಬಹುದು. ಮೊದಲ ದಿನವೇ ರಕ್ತ, ಮೂತ್ರ ಪರೀಕ್ಷೆ ಮಾಡಿ ಡ್ರಿಪ್ ಹಾಕಿ ಒಂದೆರಡು ದಿನ ನೋಡಿಕೊಂಡಿದ್ದರೆ ಡಯಾಲಿಸಿಸ್ ತಪ್ಪುವ ಅವಕಾಶ ಇತ್ತು ಅಂದರು. ಕೆಲವು ನೋವಿನ ಮಾತ್ರೆಗಳು ಇಂಥ ಹೊತ್ತಿನಲ್ಲಿ ಕಿಡ್ನಿಗೆ ಇನ್ನಷ್ಟು ಹೊರೆಯಂತೆ. ನಾವು ದಿನಕ್ಕೆ ಎರಡು ಕೊಟ್ಟಿದ್ದೆವು.

ಐದು ಸಲ ಡಯಾಲಿಸಿಸ್, ಹದಿನೇಳು ದಿನ ಆಸ್ಪತ್ರೆ. ದೀಪಾವಳಿ ಬಂದದ್ದು ಹೊರಗಿನ ಪಟಾಕಿ ಸದ್ದಿನಿಂದ ಗೊತ್ತಾಯಿತು. ಅಪ್ಪ ಉಳಿದರು, ಕಿಡ್ನಿಯೂ ಬಹುಪಾಲು ಸರಿಯಾಯಿತು.

ಹಾಗಾಗಿ ಹತ್ತಕ್ಕಿಂತ ಹೆಚ್ಚು ಕಡೆ ಕಚ್ಚಿದ್ದರೆ, ಮಕ್ಕಳಿಗೆ, ವಯಸ್ಸಾದವರಿಗೆ ಅದಕ್ಕಿಂತ ಕಡಿಮೆ ಇದ್ದರೂ, ಸಣ್ಣ ದವಾಖಾನೆಯಿಂದ ನೇರ ಮನೆಗೆ ಬರಬೇಡಿ. ಎಷ್ಟು ಕಡೆ ಕಚ್ಚಿದೆ, ಎಷ್ಟು ಹೊತ್ತಿಗೆ ಕಚ್ಚಿತು ಅಂತ ವೈದ್ಯರಿಗೆ ಹೇಳಿ, ಕಿಡ್ನಿಯ ಪರೀಕ್ಷೆ ಬೇಕಾ ಅಂತ ನೀವೇ ಬಾಯಿಬಿಟ್ಟು ಕೇಳಿ. ಮೂರ್ನಾಲ್ಕು ದಿನ ಮೂತ್ರದ ಬಣ್ಣ, ಪ್ರಮಾಣ ನೋಡಿ. ನಮ್ಮ ಹಿರಿಯರಿಗೆ ಇದನ್ನು ಹೇಳಲು ನಾಚಿಕೆ, ನೀವೇ ಕೇಳಬೇಕು.

ಇನ್ನು ಗೂಡಿನ ವಿಷಯ. ಪೆಟ್ರೋಲ್ ಎರಚುವುದು, ಕಲ್ಲು ಹೊಡೆಯುವುದು, ಏಣಿ ಹತ್ತಿ ಗೋಣಿಚೀಲ ಮುಚ್ಚುವುದು, ಜಿರಲೆ ಸ್ಪ್ರೇ ಹೊಡೆಯುವುದು, ಯಾವುದೂ ಬೇಡ. ಏಣಿಯ ಮೇಲಿದ್ದಾಗ ಕಚ್ಚಿದರೆ ಬಿದ್ದೇ ಬೀಳುತ್ತೀರಿ. ಓಡಾಡುವ ದಾರಿಯಿಂದ ದೂರ, ಎತ್ತರದಲ್ಲಿದ್ದರೆ ಬಿಟ್ಟುಬಿಡಿ. ನಮ್ಮ ತೋಟದಂಚಿನ ಮರದಲ್ಲಿ ಅಂಥದೇ ಇನ್ನೊಂದು ಗೂಡಿತ್ತು. ಅದರ ಹತ್ತಿರ ಅಡಿಕೆ ಕೊನೆ ಇಳಿಸುವ ಕೊನೆಗಾರರು ಹತ್ತದ ಹಾಗೆ ಗುರುತು ಕಟ್ಟಿ ಮುಟ್ಟದೆ ಬಿಟ್ಟೆವು. ಫೆಬ್ರವರಿಗೆ ಖಾಲಿ. ಇಳಿಸಿ ಕೊಯ್ದು ನೋಡಿದೆ, ಒಳಗೆ ರೊಟ್ಟಿ ಜೋಡಿಸಿದ ಹಾಗೆ ಅಂತಸ್ತುಗಳು, ಇಡೀ ಗೂಡು ಒಣ ಹಾಳೆಯಷ್ಟೂ ತೂಕ ಇಲ್ಲ. ಒಂದು ಹುಳ ಇರಲಿಲ್ಲ. ಕೊಟ್ಟಿಗೆಯದೂ ಹಾಗೇ ಖಾಲಿಯಾಗುತ್ತಿತ್ತು, ಗೋಪೂಜೆಯನ್ನು ಒಂದು ವರ್ಷ ಅಂಗಳದಲ್ಲಿ ಮಾಡಿದ್ದರೆ ಸಾಕಿತ್ತು.

ಬಾಗಿಲ ಹತ್ತಿರವೇ ಇದ್ದು ತೆಗೆಯಲೇಬೇಕು ಅಂತಾದರೆ, ಮೈ ಪೂರ್ತಿ ಮುಚ್ಚುವ ಉಡುಪಿಟ್ಟುಕೊಂಡು ಇದೇ ಕೆಲಸ ಮಾಡುವವರನ್ನು ಕರೆಸಿ. ಯಾರೂ ಸಿಗದಿದ್ದರೆ ಅಗ್ನಿಶಾಮಕ ಠಾಣೆಯಲ್ಲಿ ವಿಚಾರಿಸಿ. ಅವರು ಬರುವ ಮುಂಚೆ ಮಕ್ಕಳನ್ನು ಒಳಗೆ ಹಾಕಿ, ದನ, ನಾಯಿಗಳನ್ನು ಬಿಚ್ಚಿ ದೂರ ಕಟ್ಟಿ, ಪಕ್ಕದ ಮನೆಯವರಿಗೂ ತಿಳಿಸಿ.

ಗೋಡೆಗೆ ಮಣ್ಣು ಮೆತ್ತುವ ಕುಂಬಾರ ಹುಳವನ್ನು ಇದರ ಜೊತೆ ಸೇರಿಸಿ ಹೆದರಬೇಡಿ, ಅದು ಒಂಟಿ ಹುಳ, ಗೂಡು ಕಾಯಲು ದಂಡು ಕಟ್ಟಿಕೊಂಡು ಬರುವುದಿಲ್ಲ. ಹೆಜ್ಜೇನಿಗೂ ಹೊಗೆ, ಸ್ಪ್ರೇ ಹಾಕಬೇಡಿ. ಅದು ವಲಸೆ ಜೇನು, ಕಾಲ ಮುಗಿದರೆ ತಾನೇ ಎದ್ದು ಹೋಗುತ್ತದೆ.

ಅಕಸ್ಮಾತ್ ಹುಳ ಎದ್ದರೆ ನಿಂತು ಹೊಡೆಯಬೇಡಿ. ಟಾರ್ಚ್ ಆರಿಸಿ ಎಸೆದು, ಬಟ್ಟೆಯಿಂದ ತಲೆ, ಮುಖ ಮುಚ್ಚಿ, ಬಾಗಿಲು ಹಾಕಬಹುದಾದ ಜಾಗಕ್ಕೆ ಓಡಿ. ನಮ್ಮ ಅಡುಗೆಮನೆ ಬಾಗಿಲು ಕೊಟ್ಟಿಗೆಯಿಂದ ಇಪ್ಪತ್ತು ಹೆಜ್ಜೆ. ಅಪ್ಪ ಆ ಇಪ್ಪತ್ತು ಹೆಜ್ಜೆ ಓಡಲಿಲ್ಲ, ಕರುವಿನ ಹಗ್ಗ ಬಿಚ್ಚಲು ನಿಂತರು.