ರಂಗಕ್ಕೆ ಯಾವುದು: ‘ಮೆಡಿಯಾ’ನೋ, ‘ಅಂತಿಗೊನೆ’ಯೋ?

ತಂಡದಲ್ಲಿ ಒಬ್ಬ ಗಟ್ಟಿ ನಟಿ ಇದ್ದರೆ ಗ್ರೀಕ್ ನಾಟಕಕಾರ ಯೂರಿಪಿಡೀಸನ ‘ಮೆಡಿಯಾ’ (ಕ್ರಿ.ಪೂ. 431) ಆರಿಸಿಕೊಳ್ಳಿ. ಮೆಡಿಯಾಳ ಗಂಡ ಜೇಸನ್ ಅವಳನ್ನು ಬಿಟ್ಟು ಕೊರಿಂಥದ ದೊರೆಯ ಮಗಳ ಕೈ ಹಿಡಿದಿದ್ದಾನೆ. ಊರು ಬಿಡಲು ಆ ದೊರೆ ಕ್ರೆಯಾನ್ ಕೊಟ್ಟ ಒಂದೇ ದಿನದ ಗಡುವಿನಲ್ಲಿ ಅವಳು ಮೊದಲು ಅಥೆನ್ಸ್‌ನ ದೊರೆ ಈಜಿಯಸ್‌ನಿಂದ ಆಶ್ರಯದ ಆಣೆ ಪಡೆಯುತ್ತಾಳೆ. ಆಮೇಲೆ ವಿಷ ಸವರಿದ ಉಡುಪು, ಕಿರೀಟಗಳನ್ನು ಆ ಹೊಸ ಮದುಮಗಳಿಗೆ ತನ್ನ ಮಕ್ಕಳ ಕೈಲೇ ಕಳಿಸುತ್ತಾಳೆ. ಆಣೆಯ ದೃಶ್ಯಕ್ಕೆ ಕತ್ತರಿ ಹಾಕಬೇಡಿ. ಹಾಕಿದರೆ ಅವಳ ಲೆಕ್ಕಾಚಾರ ಮಾಯವಾಗಿ ಬರೀ ರೋಷ ಉಳಿಯುತ್ತದೆ. ಗಂಡನ ಮೇಲಿನ ಸೇಡಿಗೆ ಆ ಮಕ್ಕಳನ್ನೇ ಕೊಲ್ಲುವ ಮುನ್ನ ಮನಸ್ಸು ಹೊಯ್ದಾಡುವ ಮಾತುಗಳೇ ನಾಟಕದ ಜೀವ. ಅಲ್ಲಿ ವೇಗ ಬೇಡವೇ ಬೇಡ.

ಸೊಫೊಕ್ಲಿಸ್‌ನ ‘ಅಂತಿಗೊನೆ’ಗೆ ಇಬ್ಬರು ಬೇಕು. ದೊರೆಯ ಆಜ್ಞೆ ಮೀರಿ ಸೋದರನ ಶವಕ್ಕೆ ಮಣ್ಣು ಹಾಕಿ, ಮಾಡಿದ್ದು ನಾನೇ ಎಂದು ಒಪ್ಪಿಕೊಳ್ಳುವ ಅಂತಿಗೊನೆ ಕೊನೆಯ ಸುಮಾರು ಮೂರನೇ ಒಂದು ಭಾಗದಲ್ಲಿ ರಂಗದ ಮೇಲೇ ಇರುವುದಿಲ್ಲ. ಅಲ್ಲಿಂದ ಭಾರವೆಲ್ಲ ಆ ಆಜ್ಞೆ ಹೊರಡಿಸಿದ ಥೀಬ್ಸ್‌ನ ದೊರೆ ಕ್ರೆಯಾನ್ ಮೇಲೆ (ಹೆಸರೊಂದೇ, ದೊರೆ ಬೇರೆ). ಆ ನಟ ಸಪ್ಪೆಯಾದರೆ ನಾಟಕ ಕುಸಿಯುತ್ತದೆ.