ಬನ್ನೇರುಘಟ್ಟ, ವಂಡರ್‌ಲಾ, ಜಾನಪದ ಲೋಕ: ಮೂರು ತಲೆಮಾರಿನ ಮನೆಗೆ ಯಾವುದು ಒಗ್ಗುತ್ತದೆ?

ಬೆಂಗಳೂರಿನ ಹೊರವಲಯದಲ್ಲಿ ಮನೆಮಂದಿಯೆಲ್ಲ ಒಂದು ದಿನದ ಮಟ್ಟಿಗೆ ಹೋಗಿಬರಬಹುದಾದ ಜಾಗ ಯಾವುದೆಂದು ಯಾರನ್ನು ಕೇಳಿದರೂ ಬನ್ನೇರುಘಟ್ಟ ಜೈವಿಕ ಉದ್ಯಾನ, ಬಿಡದಿಯ ವಂಡರ್‌ಲಾ ಮತ್ತು ರಾಮನಗರದ ಜಾನಪದ ಲೋಕದ ಹೆಸರುಗಳು ಬಂದೇ ಬರುತ್ತವೆ. ವಿಜಯನಗರದಿಂದ ಹೊರಡುವ ನಮಗೆ ಇವುಗಳಲ್ಲಿ ಎರಡು ಮೈಸೂರು ರಸ್ತೆಯಲ್ಲೇ ಸಿಗುತ್ತವೆ. ಮೂರನೆಯದಕ್ಕೆ ನೈಸ್ ರಸ್ತೆ ಹಿಡಿದು ಬನ್ನೇರುಘಟ್ಟದ ಕಡೆಗೆ ಇಳಿಯಬೇಕು. ಮೂರಕ್ಕೂ ಬೇರೆ ಬೇರೆ ಕಾಲದಲ್ಲಿ ಹೋಗಿಬಂದ ಮೇಲೆ ಈ ಹೋಲಿಕೆಯನ್ನು ಬರೆಯುತ್ತಿದ್ದೇನೆ. ಹೋದವರು ಐವರು: ನಾನು, ಹೆಂಡತಿ, ಏಳನೆಯ ತರಗತಿಯ ಮಗಳು, ಇನ್ನೂ ಯುಕೆಜಿಯಲ್ಲಿರುವ ಮಗ, ಎಪ್ಪತ್ತು ದಾಟಿದ ಮಂಡಿನೋವಿನ ನನ್ನ ತಾಯಿ.

ಇಂಥ ಜಾಗಗಳನ್ನು ತೂಗುವಾಗ ಟಿಕೆಟ್ಟಿನ ದರ, ದೂರ ಮತ್ತು ಆಟಗಳ ಸಂಖ್ಯೆಯನ್ನು ಮುಂದಿಡುವುದು ರೂಢಿ. ನನ್ನ ಅಳತೆಗೋಲು ಬೇರೆ. ಒಂದೇ ಕಾರಿನಲ್ಲಿ ಹೋದವರು ಅಲ್ಲಿ ಎಷ್ಟು ಹೊತ್ತು ಒಟ್ಟಿಗೆ ಇರುತ್ತಾರೆ, ಯಾರು ಎಲ್ಲರ ಚೀಲ ಕಾಯುತ್ತ ಕಲ್ಲುಬೆಂಚಿನ ಮೇಲೆ ಉಳಿಯುತ್ತಾರೆ ಎಂಬುದನ್ನೇ ನಾನು ಮುಖ್ಯವಾಗಿ ನೋಡಿದ್ದೇನೆ. ಬಹುಪಾಲು ಮನೆಗಳಲ್ಲಿ ಹಾಗೆ ಉಳಿಯುವವರು ಅಜ್ಜಿಯೇ.

ಮೊದಲು ವಂಡರ್‌ಲಾ. ಕೊಚ್ಚಿಯಲ್ಲಿ 2000ದಲ್ಲಿ ವೀಗಾಲ್ಯಾಂಡ್ ಎಂಬ ಹೆಸರಿನಿಂದ ಆರಂಭವಾದ ಉದ್ಯಾನದವರೇ 2005ರಲ್ಲಿ ಬಿಡದಿಯ ಬಳಿ, ನಗರದಿಂದ ಸುಮಾರು 28 ಕಿಲೋಮೀಟರ್ ದೂರದಲ್ಲಿ, 82 ಎಕರೆಯಷ್ಟು ಜಾಗದಲ್ಲಿ ಇದನ್ನು ಕಟ್ಟಿದರು. ಇಲ್ಲಿ ಟಿಕೆಟ್ಟಿನಿಂದ ಹಿಡಿದು ಆಟದವರೆಗೆ ವಯಸ್ಸಿಗಿಂತ ಎತ್ತರವೇ ಮುಖ್ಯ. ಸುರಕ್ಷತೆಯ ದೃಷ್ಟಿಯಿಂದ ಇದು ಸರಿಯಾದ ಕ್ರಮ, ಆದರೆ ಗೇಟು ದಾಟಿದ ಕೂಡಲೇ ಕುಟುಂಬವನ್ನು ಅದು ಹೋಳು ಮಾಡುತ್ತದೆ. ನಮ್ಮ ಮಗಳಿಗೆ ಹಿಂದುಮುಂದಾಗಿ ಎಸೆದಾಡುವ ರಿಕಾಯಿಲ್ ರೋಲರ್ ಕೋಸ್ಟರ್‌ನಿಂದ ಹಿಡಿದು ಎಲ್ಲವೂ ಬೇಕಿತ್ತು, ಅವಳ ಜೊತೆ ನಾನು ಹೋದೆ. ಮಗನಿಗೆ ಪುಟಾಣಿಗಳ ಆಟದ ಆಚೆಗೆ ಪ್ರವೇಶವಿರಲಿಲ್ಲ, ಅವನ ಜೊತೆ ಹೆಂಡತಿ ಉಳಿದಳು. ತಾಯಿ ನೆರಳು ಹುಡುಕಿ ಕುಳಿತರು. ನೀರಾಟದ ಭಾಗದಲ್ಲಿಯೂ ಇದೇ ಕಥೆ. ಕೊಳಕ್ಕೆ ಇಳಿಯಲು ನೈಲಾನ್ ಉಡುಪು ಕಡ್ಡಾಯವಾದ್ದರಿಂದ ಸೀರೆಯುಟ್ಟವರಿಗೆ ದಡವೇ ಗತಿ. ಐವರೂ ಒಟ್ಟಿಗೆ ಅನುಭವಿಸಿದ್ದು ಎತ್ತರದ ಗೋಪುರದ ಮೇಲೆ ತಿರುಗುವ ಸ್ಕೈ ವೀಲ್ ಒಂದನ್ನೇ. ಅದರಲ್ಲಿ ಕುಳಿತು ಬಿಡದಿಯ ಸುತ್ತಲಿನ ಬಂಡೆಗುಡ್ಡಗಳನ್ನು ನೋಡಿದ ತಾಯಿ, ಇದೊಂದಕ್ಕೆ ಬಂದಿದ್ದು ಸಾರ್ಥಕವಾಯಿತು ಎಂದರು. ಒಬ್ಬರಿಗೆ ಸಾವಿರ ರೂಪಾಯಿ ದಾಟುವ ಟಿಕೆಟ್ಟಿನ ಲೆಕ್ಕದಲ್ಲಿ ಆ ಮಾತು ನನ್ನ ಕಿವಿಗೆ ಸ್ವಲ್ಪ ದುಬಾರಿಯಾಗಿಯೇ ಕೇಳಿಸಿತು.

ಇಷ್ಟಾದರೂ ಹತ್ತರಿಂದ ಹದಿನೆಂಟರ ವಯಸ್ಸಿನ ಮಕ್ಕಳಿಗೆ ಉಳಿದೆರಡು ಜಾಗಗಳೂ ವಂಡರ್‌ಲಾದ ಹತ್ತಿರ ಸುಳಿಯಲಾರವು ಎಂಬುದನ್ನು ಒಪ್ಪಲೇಬೇಕು. ಮಗಳ ಮತ ಅಂದಿನಿಂದ ಇಂದಿನವರೆಗೂ ಬದಲಾಗಿಲ್ಲ. ಶಾಲೆ, ಕಾಲೇಜಿಗೆ ರಜೆಯಿಲ್ಲದ ವಾರದ ದಿನ ಹೋದರೆ ಸಾಲುಗಳೂ ಚಿಕ್ಕದಾಗಿರುತ್ತವೆ, ದರವೂ ವಾರಾಂತ್ಯಕ್ಕಿಂತ ಕಡಿಮೆಯಿರುತ್ತದೆ.

ಬನ್ನೇರುಘಟ್ಟದ ಸ್ವಭಾವವೇ ಬೇರೆ. ರಾಷ್ಟ್ರೀಯ ಉದ್ಯಾನವೆಂದು 1974ರಲ್ಲಿ ಘೋಷಿತವಾದ ಕಾಡಿನಿಂದ 2002ರಲ್ಲಿ ಒಂದು ಭಾಗವನ್ನು ಜೈವಿಕ ಉದ್ಯಾನವಾಗಿ ಬೇರ್ಪಡಿಸಲಾಯಿತು. ಮೃಗಾಲಯ, ಸಫಾರಿ, ಚಿಟ್ಟೆ ಉದ್ಯಾನ ಮತ್ತು ರಕ್ಷಿಸಿ ತಂದ ಪ್ರಾಣಿಗಳ ಪುನರ್ವಸತಿ ಕೇಂದ್ರಗಳು ಇದರೊಳಗಿವೆ. ನನ್ನ ಅಳತೆಗೋಲಿನಲ್ಲಿ ಇದಕ್ಕೆ ಹೆಚ್ಚು ಅಂಕ ತಂದುಕೊಡುವುದು ಹುಲಿಯೂ ಅಲ್ಲ, ಸಿಂಹವೂ ಅಲ್ಲ, ಸಫಾರಿಯ ಬಸ್ಸು. ಜಾಲರಿ ಹಾಕಿದ ಕಿಟಕಿಗಳ ಆ ಬಸ್ಸಿನಲ್ಲಿ ಅಜ್ಜಿಗೂ ಮೊಮ್ಮಗನಿಗೂ ಒಂದೇ ಆಸನ, ಒಂದೇ ಕಿಟಕಿ, ಒಂದೇ ದೃಶ್ಯ. ಯಾರೂ ನಡೆಯಬೇಕಾಗಿಲ್ಲ, ಯಾರ ಎತ್ತರವನ್ನೂ ಯಾರೂ ಅಳೆಯುವುದಿಲ್ಲ. ಜಿಂಕೆ, ಕಡವೆ, ಕಾಟಿಗಳ ಆವರಣ ದಾಟಿ, ಒಂದರ ಹಿಂದೊಂದು ತೆರೆದು ಮುಚ್ಚುವ ಜೋಡಿ ಗೇಟುಗಳ ಮೂಲಕ ಕರಡಿಗಳ ಜಾಗಕ್ಕೆ ಬಸ್ಸು ಹೊಕ್ಕಾಗ ಒಳಗಿದ್ದವರೆಲ್ಲ ಒಮ್ಮೆಗೇ ಒಂದೇ ಕಡೆಗೆ ವಾಲಿದರು.

ಕರಡಿಗಳ ಹತ್ತಿರ ನಾನು ನಿರೀಕ್ಷಿಸದ ಒಂದು ಲಾಭವಾಯಿತು. ಅಲ್ಲಿನ ಕರಡಿಗಳಲ್ಲಿ ಅನೇಕವು ಕರಡಿ ಕುಣಿಸುವವರಿಂದ ಬಿಡಿಸಿ ತಂದವು. ತಾಯಿಗೆ ತಮ್ಮೂರಿಗೆ, ಮಂಡ್ಯದ ಕಡೆಯ ಹಳ್ಳಿಗೆ, ಮೂಗುದಾರ ಹಾಕಿದ ಕರಡಿಯನ್ನು ಹಿಡಿದು ಬರುತ್ತಿದ್ದವರು ನೆನಪಾದರು. ಮಕ್ಕಳು ಬೆಚ್ಚಿ ಬೀಳಬಾರದೆಂದು ಅದರ ಬೆನ್ನ ಮೇಲೆ ಕೂರಿಸುತ್ತಿದ್ದುದನ್ನೂ, ಅದರ ಕೂದಲನ್ನು ತಾಯಿತಕ್ಕೆ ತುಂಬಿಸಿ ಕಟ್ಟುತ್ತಿದ್ದುದನ್ನೂ ಬಸ್ಸು ಹಿಂತಿರುಗುವವರೆಗೂ ಹೇಳಿದರು. ಮೂಗು ಚುಚ್ಚಿದರೆ ಕರಡಿಗೆ ನೋವಾಗುತ್ತಿರಲಿಲ್ಲವೇ ಎಂದು ಮೊಮ್ಮಗ ಕೇಳಿದ ಪ್ರಶ್ನೆಗೆ ಅವರು ಸುಮ್ಮನಾದರು. ಆಗ ಅದನ್ನು ಯಾರೂ ಯೋಚಿಸುತ್ತಿರಲಿಲ್ಲ ಎಂದು ಆಮೇಲೆ ನನ್ನ ಹತ್ತಿರ ಹೇಳಿದರು.

ಸಫಾರಿಯಲ್ಲಿ ಅದೃಷ್ಟದ ಪಾಲೂ ಇದೆ. ಬಿಸಿಲೇರಿದ ಮೇಲೆ ಸಿಂಹಗಳು ಮಲಗಿಬಿಡುತ್ತವೆ, ಮಗ ಅದು ಬೊಂಬೆಯೇ ಎಂದು ಕೇಳಿದ್ದ. 2024ರಲ್ಲಿ ಆರಂಭವಾದ ಚಿರತೆ ಸಫಾರಿಯಲ್ಲಂತೂ ಕೊಂಬೆಗಳ ನಡುವೆ ಚುಕ್ಕೆಗಳನ್ನು ಹುಡುಕುವ ತಾಳ್ಮೆ ಬೇಕು. ಆದುದರಿಂದ ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತಿಗೆ ತಲುಪಿ, ಮೊದಲು ಸಫಾರಿ ಮುಗಿಸಿ, ಅನಂತರ ಚಿಟ್ಟೆ ಉದ್ಯಾನಕ್ಕೆ ಹೋಗುವುದು ನಾವು ಕಂಡುಕೊಂಡ ಕ್ರಮ. 2006ರಲ್ಲಿ ತೆರೆದ ಈ ಚಿಟ್ಟೆ ಉದ್ಯಾನ ದೇಶದಲ್ಲೇ ಮೊದಲನೆಯದು. ಬಿಸಿಲು ಬಿದ್ದಾಗಲೇ ಚಿಟ್ಟೆಗಳು ರೆಕ್ಕೆ ಬಿಚ್ಚುವುದರಿಂದ ಸಫಾರಿಗೆ ತಡವೆನಿಸುವ ಹೊತ್ತು ಇಲ್ಲಿಗೆ ಸರಿಯಾದ ಹೊತ್ತು. ಮಳೆಗಾಲ ಕಳೆದ ತಿಂಗಳುಗಳಲ್ಲಿ ಗುಮ್ಮಟದೊಳಗೆ ಅವುಗಳ ಸಂಖ್ಯೆಯೂ ಹೆಚ್ಚು. ಕುಳ್ಳಗಿರುವುದು ಲಾಭವಾಗುವ ಜಾಗ ಇದು. ಎಲೆಯ ಅಡಿಗೆ ಅಂಟಿದ ಕೋಶಗಳನ್ನು ನಮ್ಮೆಲ್ಲರಿಗಿಂತ ಮೊದಲು ಕಂಡವನು ಮಗನೇ.

ಬನ್ನೇರುಘಟ್ಟ ಸೋಲುವುದು ಮೃಗಾಲಯದ ನಡಿಗೆಯಲ್ಲಿ. ವಿಶಾಲವಾದ ಆವರಣ, ಏರುತಗ್ಗಿನ ದಾರಿ. ಬ್ಯಾಟರಿ ಗಾಡಿಗಳಿದ್ದರೂ ರಜಾದಿನಗಳಲ್ಲಿ ಅವಕ್ಕೂ ಸಾಲು. ತಾಯಿ ಆನೆಗಳವರೆಗೆ ಬಂದು ಸಾಕೆಂದರು. ಇಲ್ಲಿಯೂ ಕೊನೆಗೆ ಕುಟುಂಬ ಎರಡಾಯಿತು, ಆದರೆ ಅರ್ಧ ದಿನ ಕಳೆದ ಮೇಲೆ. ಮಂಡಿನೋವಿನವರು ಜೊತೆಗಿದ್ದರೆ ಮೃಗಾಲಯವನ್ನು ಪೂರ್ತಿ ಸುತ್ತುವ ಹಟ ಬಿಟ್ಟು, ಹಿಂದಿರುಗುವಾಗ ಊರೊಳಗಿನ ಚಂಪಕಧಾಮಸ್ವಾಮಿ ದೇವಸ್ಥಾನಕ್ಕೆ ಹೋಗಿಬಂದರೆ ಅವರಿಗೆ ದಿನ ತುಂಬಿದಂತಾಗುತ್ತದೆ.

ಇನ್ನು ಜಾನಪದ ಲೋಕ. ಆಡಳಿತ ಸೇವೆಯಲ್ಲಿದ್ದು ನಿವೃತ್ತರಾದ ಎಚ್.ಎಲ್. ನಾಗೇಗೌಡರು 1979ರಲ್ಲಿ ಕರ್ನಾಟಕ ಜಾನಪದ ಪರಿಷತ್ತನ್ನು ಸ್ಥಾಪಿಸಿ, ಹಳ್ಳಿ ಹಳ್ಳಿಗಳಿಂದ ಹಾಡು, ಕಥೆ, ಸಾಮಾನುಗಳನ್ನು ಸಂಗ್ರಹಿಸಿ, ರಾಮನಗರದ ಹತ್ತಿರ ಹದಿನೈದು ಎಕರೆಯಲ್ಲಿ ಕಟ್ಟಿಸಿದ ಈ ಸಂಗ್ರಹಾಲಯ 1994ರಲ್ಲಿ ಸಾರ್ವಜನಿಕರಿಗೆ ತೆರೆಯಿತು. ಸಂಗ್ರಹಾಲಯ ಎಂದ ಕೂಡಲೇ ಮಗಳು ಮುಖ ಸಿಂಡರಿಸಿದಳು. ವಂಡರ್‌ಲಾದ ಫಲಕ ಕಾರಿನ ಕಿಟಕಿಯಲ್ಲಿ ಹಿಂದೆ ಸರಿದುಹೋದಾಗ ಆ ಮುಖ ಇನ್ನಷ್ಟು ಬಿಗಿಯಾಯಿತು.

ಅಡುಗೆಮನೆಯ, ಕಣದ ಮತ್ತು ಹಟ್ಟಿಯ ಸಾಮಾನುಗಳನ್ನು ಜೋಡಿಸಿಟ್ಟಿರುವ ಲೋಕಮಾತಾ ಮಂದಿರವನ್ನು ಹೊಕ್ಕ ಮೇಲೆ ನಮ್ಮ ಗುಂಪಿನ ಯಜಮಾನಿಕೆ ಕೈ ಬದಲಾಯಿಸಿತು. ಅದುವರೆಗೆ ಎಲ್ಲರ ಹಿಂದೆ ಬರುತ್ತಿದ್ದ ತಾಯಿ ಮುಂದೆ ನಡೆದರು. ಕಾಳು ತುಂಬಿಡುವ ವಾಡೆಯ ಮುಂದೆ ನಿಂತು, ಅದರ ಬಾಯಿಯನ್ನು ಸಗಣಿಯಿಂದ ಹೇಗೆ ಸಾರಿಸಿ ಮುಚ್ಚುತ್ತಿದ್ದರು, ಅಡಿಯ ತೂತಿನಿಂದ ಬೇಕಾದಷ್ಟೇ ರಾಗಿಯನ್ನು ಹೇಗೆ ಇಳಿಸಿಕೊಳ್ಳುತ್ತಿದ್ದರು ಎಂದು ವಿವರಿಸಿದರು. ನಾಲ್ಕು ಪಾವಿಗೆ ಒಂದು ಸೇರು ಎಂಬ ಲೆಕ್ಕವನ್ನು ಮಗಳು ಕೇಳಿ ತಿಳಿದುಕೊಂಡಳು, ಏಕೆಂದರೆ ಮನೆಯಲ್ಲಿ ಅಕ್ಕಿ ಅಳೆಯುವ ಪಾವು ಇಂದಿಗೂ ಇದೆ ಮತ್ತು ಅದು ಒಂದು ಅಳತೆಯ ಹೆಸರು ಎಂದು ಅವಳಿಗೆ ಗೊತ್ತಿರಲಿಲ್ಲ. ಕೂರಿಗೆಯ ಬಟ್ಟಲಿಗೆ ಬೀಜ ಬಿಡುವ ಕೆಲಸ ಹೆಂಗಸರದು, ಅದರಲ್ಲಿ ತನ್ನ ಕೈ ಬಹಳ ಸಮವಾಗಿತ್ತು ಎಂದು ಅವರು ಹೇಳಿದಾಗ ನನಗೂ ಅದು ಹೊಸ ಸಂಗತಿಯೇ. ಮಂಡಿನೋವಿನ ಮಾತು ಅಂದು ಮಧ್ಯಾಹ್ನದವರೆಗೆ ಬರಲಿಲ್ಲ.

ಲೋಕ ಮಹಲಿನಲ್ಲಿ ಮಗನ ಸರದಿ. ತೊಗಲುಬೊಂಬೆಗಳು, ಸೂತ್ರದ ಬೊಂಬೆಗಳು, ಯಕ್ಷಗಾನದ ಕಿರೀಟಗಳು, ಸೋಮನ ಕುಣಿತದ ದೊಡ್ಡ ಕಣ್ಣಿನ ಮುಖಗಳು. ಅವುಗಳಲ್ಲಿ ಒಂದೊಂದಕ್ಕೂ ಹೆದರಿ, ಮತ್ತೆ ಮತ್ತೆ ಹೋಗಿ ನೋಡಿ ಬಂದ. ಹೊರಗೆ ಆಯಗಾರರ ಮಾಳದ ಗಾಣ, ಶಿಲ್ಪಮಾಳದ ವೀರಗಲ್ಲುಗಳು, ಇವುಗಳ ನಡುವೆ ಓಡಾಡಲು ಬೇಕಾದಷ್ಟು ನೆರಳು.

ಆದರೂ ಜಾನಪದ ಲೋಕವನ್ನು ಎಲ್ಲರಿಗೂ ಸಮನಾಗಿ ಶಿಫಾರಸು ಮಾಡಲಾರೆ. ವಸ್ತುಗಳ ಪಕ್ಕದ ಬರಹಗಳು ಚುಟುಕಾಗಿವೆ. ಬಹಳಷ್ಟು ಕಡೆ ಹೆಸರಿದೆ, ಬಳಕೆಯ ವಿವರ ಕಡಿಮೆ. ಹಳ್ಳಿಯಲ್ಲಿ ಬೆಳೆದ ಹಿರಿಯರೊಬ್ಬರು ಜೊತೆಗಿದ್ದರೆ ಅರ್ಧ ದಿನ ಸಾಲದು, ಇಲ್ಲದಿದ್ದರೆ ಮುಕ್ಕಾಲು ಗಂಟೆಯಲ್ಲಿ ಮಕ್ಕಳು ಗೇಟಿನ ಬಳಿ ನಿಂತಿರುತ್ತಾರೆ. ನನ್ನ ಸ್ನೇಹಿತರೊಬ್ಬರ ಮನೆಯವರಿಗೆ ಹೀಗೆಯೇ ಆಯಿತು. ಅವರ ತಂದೆತಾಯಿ ಹುಟ್ಟಿ ಬೆಳೆದದ್ದು ಮಲ್ಲೇಶ್ವರದಲ್ಲಿ. ಅಂಥವರಿಗೆ ನಾನು ಬನ್ನೇರುಘಟ್ಟವನ್ನೇ ಸೂಚಿಸುತ್ತೇನೆ.

ಖರ್ಚಿನ ವಿಷಯದಲ್ಲಿ ಹೆಚ್ಚು ಹೇಳಬೇಕಾದದ್ದಿಲ್ಲ: ಜಾನಪದ ಲೋಕದ ಪ್ರವೇಶ ಅತಿ ಅಗ್ಗ, ಬನ್ನೇರುಘಟ್ಟದಲ್ಲಿ ಸಫಾರಿಯೂ ಸೇರಿದರೆ ತಲೆಗೆ ಕೆಲವು ನೂರು, ವಂಡರ್‌ಲಾ ಎಲ್ಲಕ್ಕಿಂತ ಮೇಲೆ. ಊಟಕ್ಕೆ ಜಾನಪದ ಲೋಕದ ಪಕ್ಕದಲ್ಲೇ ಇರುವ ಕಾಮತ್ ಲೋಕರುಚಿ ನಮಗೆ ಹಿಡಿಸಿತು. ಬನ್ನೇರುಘಟ್ಟ ಮತ್ತು ಜಾನಪದ ಲೋಕ ಎರಡಕ್ಕೂ ಮಂಗಳವಾರ ರಜೆ.

ದಾರಿಯ ಬಗ್ಗೆ ಮಾತ್ರ ಒಂದು ಎಚ್ಚರಿಕೆ ಅಗತ್ಯ. 2023ರಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಬಿಡದಿ, ರಾಮನಗರ, ಚನ್ನಪಟ್ಟಣಗಳನ್ನು ಬೈಪಾಸ್‌ಗಳ ಮೂಲಕ ಬಳಸಿ ಹೋಗುತ್ತದೆ. ಮುಖ್ಯ ಪಥದಲ್ಲೇ ಮುಂದುವರಿದರೆ ಜಾನಪದ ಲೋಕ ಎಲ್ಲಿದೆ ಎಂದೇ ಕಾಣುವುದಿಲ್ಲ. ಹಳೆಯ ರಸ್ತೆಯಲ್ಲಿಯೇ ಸಾಗುವುದು ಉತ್ತಮ, ಬೈಕಿನವರಿಗಂತೂ ಮುಖ್ಯ ಪಥದಲ್ಲಿ ಅವಕಾಶವೇ ಇಲ್ಲ. ಬಸ್ಸಿನಲ್ಲಿ ಹೋಗುವವರಿಗೆ ಬನ್ನೇರುಘಟ್ಟವೇ ಸುಲಭ, ಮೆಜೆಸ್ಟಿಕ್‌ನಿಂದ ಬಿಎಂಟಿಸಿಯ 365ನೇ ಮಾರ್ಗದ ಬಸ್ಸುಗಳಿವೆ.

ನಂದಿಬೆಟ್ಟವನ್ನು ಈ ಹೋಲಿಕೆಗೆ ಸೇರಿಸಿಲ್ಲ. 1,478 ಮೀಟರ್ ಎತ್ತರದ ಆ ಬೆಟ್ಟಕ್ಕೆ ನಸುಕಿನಲ್ಲಿ ಹೋದರೇನೇ ಸೊಗಸು. ಪುಟ್ಟ ಮಕ್ಕಳನ್ನೂ ವಯಸ್ಸಾದವರನ್ನೂ ಆ ಚಳಿಯ ಹೊತ್ತಿಗೆ ಎಬ್ಬಿಸಿ ಹೊರಡಿಸುವುದು ನಮ್ಮ ಮನೆಗೆ ಆಗದ ಕೆಲಸ. ಕೇತೋಹಳ್ಳಿಯ ದೊಡ್ಡ ಆಲದ ಮರ ಒಂದು ಗಂಟೆಯ ಜಾಗ. ಮೂರು ಎಕರೆಗೆ ಹಬ್ಬಿದ ಆ ಮರದ ಮೂಲ ಕಾಂಡ ರೋಗಕ್ಕೆ ತುತ್ತಾಗಿ ಹೋಗಿದೆ, ಈಗ ನಿಂತಿರುವುದೆಲ್ಲ ಬಿಳಲುಗಳೇ. ಇದನ್ನು ಹೇಳಿದರೆ ಮಕ್ಕಳು ನಂಬುವುದಿಲ್ಲ, ನಡುವನ್ನು ಹುಡುಕಿಕೊಂಡು ಹೋಗುತ್ತಾರೆ. ಮಂಗಗಳಿರುವುದರಿಂದ ತಿಂಡಿಯ ಚೀಲವನ್ನು ಕಾರಿನಲ್ಲೇ ಬಿಡಬೇಕು.

ನನ್ನ ಮಟ್ಟಿಗೆ ಜಾನಪದ ಲೋಕ ಮೊದಲು, ಬನ್ನೇರುಘಟ್ಟ ಎರಡನೆಯದು. ವಂಡರ್‌ಲಾ ಕುಟುಂಬದ ಜಾಗವೆನ್ನುವುದಕ್ಕಿಂತ ಮಗಳ ಜಾಗ. ಹೆಂಡತಿ ಈ ಕ್ರಮವನ್ನು ಒಪ್ಪುವುದಿಲ್ಲ, ಅವಳಿಗೆ ಬನ್ನೇರುಘಟ್ಟವೇ ಮೇಲು. ಈ ಜಗಳಕ್ಕೆ ಪರಿಹಾರವನ್ನು ದಸರಾ ರಜೆಗೆ ಅವಳೇ ಹುಡುಕಿದ್ದಾಳೆ. ವಂಡರ್‌ಲಾ ಮತ್ತು ಜಾನಪದ ಲೋಕ ಒಂದೇ ರಸ್ತೆಯಲ್ಲಿರುವುದರಿಂದ, ಬೆಳಿಗ್ಗೆ ಮಗಳನ್ನೂ ಅವಳ ಚಿಕ್ಕಮ್ಮನ ಮಕ್ಕಳನ್ನೂ ನನ್ನ ಷಡ್ಡಕನ ಜೊತೆ ಬಿಡದಿಯಲ್ಲಿ ಇಳಿಸಿ, ಉಳಿದವರು ರಾಮನಗರಕ್ಕೆ ಹೋಗುವುದು. ಅಲ್ಲಿಂದ ಚನ್ನಪಟ್ಟಣಕ್ಕೆ ಹೋಗಿ ಅರಗಿನ ಬಣ್ಣದ ಬೊಂಬೆ ಕಡೆಯುವುದನ್ನು ಮಗನಿಗೆ ತೋರಿಸಿ, ಸಂಜೆ ಹಿಂದಿರುಗುವಾಗ ಬಿಡದಿಯಲ್ಲಿ ಇಳಿಸಿದವರನ್ನು ಹತ್ತಿಸಿಕೊಳ್ಳುವುದು. ತಾಯಿಯದು ಒಂದೇ ಷರತ್ತು: ಮಧ್ಯಾಹ್ನದ ಊಟ ಲೋಕರುಚಿಯಲ್ಲೇ ಆಗಬೇಕು.